ಒಂದೂಕಾಲು ಗಳಿಗೆ

ಫೋನು ಮಾಡಿದವಳು ಲೋರ್ನಾ ಪೆನ್‌ಹಾಲ್.
ನೀರಿನ ಟ್ಯಾಂಕಿನ ಬೇಲಿಗೆ ಅಂಟಿದ ತಗಡಿನ ಮನೆ,
ರಾತ್ರಿ ಒಂಬತ್ತಕ್ಕೆ ಪಂಪು ಗುಂಯ್ ಎಂದಾಗ
ಬಿಪಿ ಗುಳಿಗೆ ನುಂಗುವುದು ಅವಳ ರೂಢಿ.
"ಮೂರು ದಿನದಿಂದ ನಿಮ್ಮ ಪಂಪು ಎಂಟೂವರೆಗೇ ಕೂಗುತ್ತಿದೆ.
ನಾನು ನುಂಗಲೋ, ಬೇಡವೋ?"

ಬ್ರೋಕನ್ ಹಿಲ್ ಇರುವುದು ನ್ಯೂ ಸೌತ್ ವೇಲ್ಸಿನಲ್ಲಿ,
ಗಡಿಯಾರ ಮಾತ್ರ ಪಕ್ಕದ ರಾಜ್ಯದ್ದು.
ಸಿಡ್ನಿಯಲ್ಲಿ ಒಂಬತ್ತಾದರೆ ಇಲ್ಲಿನ್ನೂ ಎಂಟೂವರೆ.
ರಾಜ್ಯಕ್ಕೊಂದು ಗಂಟೆಯಾದರೆ ಊರಿಗೊಂದು ಗಂಟೆ.
ಅರ್ಧ ಗಂಟೆಯೆಂದರೆ ಒಂದೂಕಾಲು ಗಳಿಗೆ:
ಅಕ್ಕಿ ನೆನೆಯಲು ಸಾಲದು,
ಮುಹೂರ್ತ ಮೀರಲು ಸಾಕು.

ಹಳೆಯ ಕಂಪ್ಯೂಟರ್ ಸೋಮವಾರ ಸತ್ತಿತ್ತು.
ಹೊಸದು ಬಂದದ್ದು ಸಿಡ್ನಿಯಿಂದ,
ಸಿಡ್ನಿಯ ಹೊತ್ತನ್ನು ಹೊಟ್ಟೆಯಲ್ಲಿಟ್ಟುಕೊಂಡು.

ಪ್ರೋಗ್ರಾಮು ಬಿಚ್ಚಿ ಕೂತೆ.
ಅದು ಒಂಟಿ ಮನೆಯಲ್ಲ, ವಠಾರ.
ಪಂಪಿನದೊಂದು ಮಾಡ್ಯೂಲು, ನೀರಿನ ಮಟ್ಟದ್ದೊಂದು,
ಸೈರನ್ನಿಗೆ ಮೂಲೆಯಲ್ಲಿ ಒಂದು ಕೋಣೆ.
ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಇಣುಕುವಂತಿಲ್ಲ,
ಬೀದಿಗೆ ತೆರೆಯುವ ಸ್ವಂತ ಕಿಟಕಿ ಯಾರಿಗೂ ಇಲ್ಲ.
ಇದು ಯಾವ ಯಂತ್ರ, ಹೊರಗೆ ಯಾವ ಭಾಷೆ,
ಬಾಗಿಲು ತೆಗೆದವರು ಏನು ಹೇಳಿ ತೆಗೆದರು,
ತಿಳಿಯಬೇಕಾದರೆ ಫ್ರೇಮ್‌ವರ್ಕನ್ನೇ ಕೇಳಬೇಕು.
ಅದಕ್ಕೆ ಮೊದಲು ಎಚ್ಚರವಾಗಿರಬೇಕು.
ಆಗಿಲ್ಲವೆಂದರೆ ಉತ್ತರದ ಜಾಗದಲ್ಲಿ ಬರುವುದು ಶೂನ್ಯ.
ಸೊನ್ನೆಯಲ್ಲ. ಸೊನ್ನೆಯಾದರೂ ಒಂದು ಉತ್ತರ.

ಪಂಪಿನ ಪರವಾಗಿ ನಾನೇ ಕೇಳಿದೆ:
ನಾವೀಗ ಎಲ್ಲಿದ್ದೇವೆ?
ಸಿಡ್ನಿ, ಅಂತು.

ಕಿಟಕಿಯಾಚೆ ಗಣಿಯ ಕಸದ ಗುಡ್ಡ, ಕರಿಯ ಬೆನ್ನು,
ಆರ್ಜೆಂಟ್ ಬೀದಿಯಲ್ಲಿ ಬೆಳಕಿದ್ದ ಒಂದೇ ಹೋಟೆಲು.
ಸಮುದ್ರವಿಲ್ಲ, ಸೇತುವೆಯಿಲ್ಲ.
ಆದರೂ ಅದು ಸುಳ್ಳು ಹೇಳುತ್ತಿರಲಿಲ್ಲ,
ಕೇಳಿಸಿಕೊಂಡದ್ದನ್ನು ಒಪ್ಪಿಸುತ್ತಿತ್ತು.

ಹಾಗಾದರೆ ಯಾರೂ ಹೇಳಲಿಲ್ಲವೆ ಅದಕ್ಕೆ?
ಶುರು ಮಾಡುವ ಕಡತ ತೆರೆದೆ. ಮರ್ವ್ ಟ್ರೆಗೆನ್ಜಾ ಬರೆದದ್ದು,
ಅವನು ನಿವೃತ್ತನಾಗಿ ಆರು ವರ್ಷ. ಹನ್ನೊಂದು ಸಾಲು.
ಮೇಲೆಯೇ ಅವನ ಟಿಪ್ಪಣಿ:
ಹೊತ್ತಿನ ಸಾಲು ಮುಟ್ಟಬೇಡಿ. ನಾವು ಸಿಡ್ನಿಯವರಲ್ಲ.
ಸಾಲೂ ಇತ್ತು. ಅಕ್ಷರ ತಪ್ಪಿಲ್ಲ, ಗೆರೆ ತಪ್ಪಿಲ್ಲ.

ಇದ್ದ ಮಾತು ಕೇಳಿಸದೆ ಹೋದದ್ದು ಹೇಗೆ?
ಕಾಫಿ ಆರಿತು. ಮತ್ತೊಂದು ಕಾಸಿದೆ, ಅದೂ ಆರಿತು.

ಆಮೇಲೆ ನೆನಪಾಯಿತು.
ಹೊಸ ಯಂತ್ರಕ್ಕೆ ಕಡತ ಇಳಿಸುವಾಗ
ಅಂದವಾಗಿರಲಿ ಎಂದು ಸಾಲುಗಳನ್ನೆಲ್ಲ
ಅಕಾರಾದಿಯಾಗಿ ಜೋಡಿಸಿದವಳು ನಾನು.

ಆ ಕಡತದೊಳಗೊಂದು ಹೊಸ್ತಿಲಿದೆ,
ಇಲ್ಲಿಂದ ಕೆಳಗಿನದು ಯಂತ್ರಕ್ಕೆ, ಎನ್ನುವ ಒಂದು ಪದ.
ಮರ್ವನ ಸಾಲು ಹೊಸ್ತಿಲಿನ ಕೆಳಗಿತ್ತು,
ನನ್ನ ಅಚ್ಚುಕಟ್ಟು ಅದನ್ನು ಮೇಲೆ ಹತ್ತಿಸಿತು.
ಮೇಲಿನ ಮಾತೆಲ್ಲ ಫ್ರೇಮ್‌ವರ್ಕಿನ ಪಾಲು.
ಅದು ತನಗೆ ತಿಳಿದದ್ದನ್ನು ಇಟ್ಟುಕೊಂಡು
ತಿಳಿಯದ್ದನ್ನು ಮಾಡ್ಯೂಲುಗಳಿಗೆ ದಾಟಿಸುತ್ತದೆ.
ಅವೂ ನೋಡಿದವು, ತಮ್ಮದಲ್ಲವೆಂದು ಪಕ್ಕಕ್ಕಿಟ್ಟವು.
ಗದ್ದಲವಿಲ್ಲ, ದೂರಿಲ್ಲ.
ವಿಳಾಸ ತಪ್ಪಿದ ಮದುವೆ ಕಾಗದವನ್ನು
ವಠಾರದವರೆಲ್ಲ ಓದಿ ಗೂಡಿನಲ್ಲಿ ಸಿಕ್ಕಿಸಿದ ಹಾಗೆ.

ಸಾಲನ್ನು ಕೆಳಗಿಳಿಸಿದೆ.
ಮರ್ವನ ಟಿಪ್ಪಣಿಯ ಅಡಿಯಲ್ಲಿ ನನ್ನದೊಂದು:
ಜೋಡಿಸಲೂ ಬೇಡಿ.

ಆದರೆ ನಡೆಯುತ್ತಿರುವುದರ ಕಿವಿಯಲ್ಲಿ ಈಗ ಊದಿ ಫಲವಿಲ್ಲ.
ತೊಟ್ಟಿಲಲ್ಲಿ ಕೂಗಿದ ಹೆಸರಿನಂತೆ,
ಹುಟ್ಟುವಾಗ ಹೇಳಿದ್ದಷ್ಟೇ ಅದಕ್ಕೆ ಊರು, ಹೊತ್ತು.
ನಿಲ್ಲಿಸಬೇಕು, ಮತ್ತೆ ಹುಟ್ಟಿಸಬೇಕು.

ಮಾರನೆಯ ದಿನ ಎಂಟೂವರೆಗೆ ಏನೂ ಆಗಲಿಲ್ಲ.
ಅಷ್ಟು ಒಳ್ಳೆಯ ಏನೂ-ಇಲ್ಲ ಕಂಡು ಬಹಳ ದಿನವಾಗಿತ್ತು.
ಒಂಬತ್ತಕ್ಕೆ ಐದು ನಿಮಿಷವಿರುವಾಗ ಲೋರ್ನಾಗೆ ಫೋನು.
"ತಡಿ," ಎಂದು ಅವಳು ರಿಸೀವರನ್ನು ಕಿಟಕಿಗೆ ಹಿಡಿದಳು.
ನಾಯಿಯೊಂದು ಬೊಗಳಿತು. ಗಾಳಿ.

ಗುಂಯ್.

ನಲ್ಲಿ ತಿರುಗಿಸಿದ ಸದ್ದು, ಲೋಟ ತುಂಬಿದ ಸದ್ದು.
ನುಂಗಿದಳು.
"ತಪ್ಪು ಯಾರದ್ದಂತೆ?" ಎಂದಳು.
ಈ ಬಾರಿ ನಾನೇ ಒಂದು ಕ್ಷಣ ಶೂನ್ಯ ಮರಳಿಸಿದೆ.